ಹಣೆಯ ನಾಮ, ತಲೆಯ ರುಮಾಲು



ನಮ್ಮೂರಿನಲ್ಲಿ ಬಸ್ಸು ಹತ್ತಿ ಹೊಸೂರಿಗೆ ಹೋಗಿ, ಅಲ್ಲಿಂದ ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರು ದಾಟಿದರೆ ವೆಲ್ಲೂರು ಸಿಗುತ್ತದೆ. ನಮ್ಮ ಹಿರಿಯರು ಅದನ್ನು ರಾಯವೇಲೂರು ಎನ್ನುತ್ತಿದ್ದರು. ಈಗ ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಹೆಚ್ಚಾಗಿ ದೊಡ್ಡಾಸ್ಪತ್ರೆಗೆ. ರೋಗಿಯನ್ನು ಒಳಗೆ ಬಿಟ್ಟು ಹೊರಗೆ ಕಾಯುವವರು ಹೊತ್ತು ಕಳೆಯಲು ಕೋಟೆಯ ಕಡೆಗೆ ನಡೆದು ಹೋಗುತ್ತಾರೆ. ಅಗಲವಾದ ಕಂದಕ, ಒಳಗೆ ಜಲಕಂಠೇಶ್ವರನ ಗುಡಿ, ಒಂದು ಮಸೀದಿ, ಒಂದು ಚರ್ಚು. ಮೂರೂ ಒಂದೇ ಕೋಟೆಯ ಗೋಡೆಯೊಳಗೆ ಇವೆ. ನೀವೂ ನೋಡಿರಬಹುದು. ಆದರೆ ಅದೇ ಕೋಟೆಯಲ್ಲಿ ಹಣೆಯ ನಾಮಕ್ಕಾಗಿ, ಗಲ್ಲದ ಗಡ್ಡಕ್ಕಾಗಿ, ತಲೆಯ ರುಮಾಲಿಗಾಗಿ ಒಂದೇ ಬೆಳಗಿನಲ್ಲಿ ನೂರಾರು ಜನ ಸತ್ತರು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ಆ ದಿನ 1806ನೇ ಇಸವಿ ಜುಲೈ 10. ಮೀರತ್ತಿನ ಸಿಪಾಯಿಗಳು ದಂಗೆ ಎದ್ದದ್ದು ಅದಕ್ಕೆ 51 ವರ್ಷ ತಡವಾಗಿ.

ನಾನು ಇತಿಹಾಸದ ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನನಗೆ ಸೈನ್ಯದ ವಿಷಯದಲ್ಲಿ ಕುತೂಹಲ ಹುಟ್ಟಿದ್ದು ಪೆನ್ಷನ್ ಕೌಂಟರಿನಲ್ಲಿ. ತಿಂಗಳ ಮೊದಲ ವಾರ ಮಾಜಿ ಸೈನಿಕರು ಸಾಲಾಗಿ ಬಂದು ನಿಲ್ಲುತ್ತಿದ್ದರು. ಅವರಲ್ಲಿ ಒಬ್ಬ ಮುದುಕರು ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದು ಬರುತ್ತಿದ್ದರು. ಒಮ್ಮೆ ನಾನು, “ಯಜಮಾನರೇ, ಪಟಾಲಮ್ಮಿನಲ್ಲಿ ಇದಕ್ಕೆ ಬಿಡುತ್ತಿದ್ದರೇ?” ಎಂದು ಕೇಳಿದೆ. ಅವರು ನಕ್ಕು, “ಪೆರೇಡಿಗೆ ಅಳಿಸಬೇಕು ಸಾರ್. ಭಾನುವಾರ ಮಂದಿರಕ್ಕೆ ಹೋಗುವಾಗ ಹಚ್ಚಿಕೊಳ್ಳಬಹುದು. ಅಳಿಸು ಅಂದವರೇ ಆಮೇಲೆ ಹಚ್ಚಿಕೋ ಅಂತಲೂ ಹೇಳೋರು. ಅದಕ್ಕೇ ಬೇಜಾರಾಗಲಿಲ್ಲ” ಎಂದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ವೆಲ್ಲೂರಿನ ಕಥೆ ಓದಿದಾಗ ಅದರ ಅರ್ಥ ಪೂರ್ತಿಯಾಗಿ ತಿಳಿಯಿತು.

ಮೊದಲು ನಮ್ಮ ಸೀಮೆಯ ಸಂಬಂಧ ಹೇಳಿಬಿಡುತ್ತೇನೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೃಷ್ಣಗಿರಿ ಸೇರಿದ ಬಾರಾಮಹಲ್ ಪ್ರಾಂತ ಮೈಸೂರಿನ ಕೈಬಿಟ್ಟು ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ನಮ್ಮ ಹೊಸೂರು ಸೀಮೆ 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಹೋಯಿತು. ಅದೇ ವರ್ಷ ಟಿಪ್ಪುವಿನ ಮಕ್ಕಳನ್ನೂ ಹೆಂಗಸರನ್ನೂ ಕಂಪನಿಯವರು ಶ್ರೀರಂಗಪಟ್ಟಣದಿಂದ ಸಾಗಿಸಿ ವೆಲ್ಲೂರು ಕೋಟೆಯಲ್ಲಿ ಇರಿಸಿದರು. ಅವರ ಹಿಂದೆಯೇ ಮೈಸೂರು ಸೀಮೆಯ ಅನೇಕ ಜನ ಹೋಗಿ ಕೋಟೆಯ ಸುತ್ತಮುತ್ತ ನೆಲೆಸಿದರು. ಅಂದರೆ ಆಗಿನ ವೆಲ್ಲೂರು ಪೇಟೆಯಲ್ಲಿ ನಮ್ಮ ಕಡೆಯ ಮಾತೂ ಕಿವಿಗೆ ಬೀಳುತ್ತಿತ್ತು ಎನ್ನಬಹುದು.

ಮದ್ರಾಸಿನ ಸೈನ್ಯದಲ್ಲಿ ಆಗ ಸಿಪಾಯಿಗಳು ನಮ್ಮ ನಿಮ್ಮಂತಹ ರೈತಾಪಿ ಜನ. ಹಿಂದೂಗಳೂ ಮುಸಲ್ಮಾನರೂ ಒಂದೇ ಪಲ್ಟನ್ನಿನಲ್ಲಿ ಇದ್ದರು. ಕಂಪನಿಯ ಉಪ್ಪು ತಿಂದರೂ ಹಣೆಯ ನಾಮ, ವಿಭೂತಿ, ಕಿವಿಯ ಒಂಟಿ, ಗಡ್ಡ, ಇವುಗಳನ್ನು ಅವರು ಬಿಟ್ಟಿರಲಿಲ್ಲ. ಹೀಗಿರುವಾಗ ದಂಡನಾಯಕ ಸರ್ ಜಾನ್ ಕ್ರೆಡಾಕ್ ಎಂಬಾತ ಸೈನ್ಯವನ್ನೆಲ್ಲ ಒಂದೇ ಅಚ್ಚಿಗೆ ತರಲು ಹೊರಟ. 1805ರ ನವೆಂಬರಿನಲ್ಲಿ ಹೊಸ ರುಮಾಲಿನ ಮಾದರಿ ಬಂತು. ಮರುವರ್ಷ ಹೊಸ ನಿಯಮಗಳ ಒಂದು ದೊಡ್ಡ ಸಂಕಲನ ಹೊರಟಿತು. ಅದರ ಹತ್ತನೆಯ ಕಲಮಿನಲ್ಲಿ ಸಮವಸ್ತ್ರದಲ್ಲಿರುವಾಗ ಸಿಪಾಯಿ ಜಾತಿ ಸೂಚಿಸುವ ಗುರುತನ್ನು ಮುಖದ ಮೇಲೆ ಇಡಕೂಡದು, ಕಿವಿಗೆ ಒಂಟಿ ಹಾಕಕೂಡದು, ಗಲ್ಲದ ಗಡ್ಡ ಬೋಳಿಸಿಕೊಳ್ಳಬೇಕು, ಮೀಸೆಯೂ ಎಲ್ಲರದೂ ಒಂದೇ ರೀತಿ ಇರಬೇಕು ಎಂದಿತ್ತು. ಮದ್ರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕನ ಸರ್ಕಾರ ಸಂಕಲನಕ್ಕೆ ಒಪ್ಪಿಗೆ ಕೊಟ್ಟಿತು. ನೂರಾರು ನಿಯಮಗಳ ನಡುವೆ ಈ ಕಲಮಿನ ತೂಕ ಮೇಲಿನವರ ಕಣ್ಣಿಗೆ ಬೀಳಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎಲ್ಲೋ ದೂರದ ಕಚೇರಿಯಲ್ಲಿ ಕುಳಿತವರು ಸರ್ಕ್ಯುಲರ್ ಬರೆಯುತ್ತಾರೆ. ಓದದೆ ರುಜು ಹಾಕುವವರು ಇರುತ್ತಾರೆ. ಅದರ ಬಿಸಿ ತಾಗುವುದು ಮಾತ್ರ ಕೌಂಟರಿನ ಈಚೆ ಆಚೆ ನಿಂತವರಿಗೆ.

ಕ್ರೆಡಾಕನಿಗೆ ಇದು ಬರೀ ಉಡುಪಿನ ವಿಷಯ. ಸಿಪಾಯಿಗೆ ಹಾಗಲ್ಲ. ಹೊಸ ರುಮಾಲಿನ ಆಕಾರ ಬಿಳಿಯರ ಟೋಪಿಯನ್ನು ಹೋಲುತ್ತಿತ್ತು. ಅದರಲ್ಲಿ ತೊಗಲಿನ ಕುಚ್ಚು ಇತ್ತು. ತೊಗಲು ಹಸುವಿನದೆಂದು ಹಿಂದೂಗಳಿಗೂ ಹಂದಿಯದೆಂದು ಮುಸಲ್ಮಾನರಿಗೂ ಅನುಮಾನ. ಆ ಕಾಲದಲ್ಲಿ ಟೋಪಿಯವರು ಎಂದರೆ ಪರಂಗಿಯವರು, ಅಂದರೆ ಕಿರಿಸ್ತಾನದವರು ಎಂದೇ ಅರ್ಥ. ಬಂದೂಕಿನ ತಿರುಪು ಬಿಚ್ಚಲು ಕೊಟ್ಟ ಪುಟ್ಟ ಉಪಕರಣವನ್ನು ಎದೆಯ ಮೇಲೆ ತೂಗುಹಾಕಿಕೊಳ್ಳಬೇಕಿತ್ತು. ಅದು ಶಿಲುಬೆಯಂತೆ ಕಾಣುತ್ತದೆ ಎಂಬ ಸುದ್ದಿಯೂ ಹಬ್ಬಿತು. ಪೇಟೆಯಲ್ಲಿ ಜನ ಸಿಪಾಯಿಗಳನ್ನು ಹಂಗಿಸತೊಡಗಿದರು. ಊರಿಗೆ ಹೋದರೆ ಪಂಕ್ತಿಯಲ್ಲಿ ಎಲೆ ಹಾಕುತ್ತಾರೋ ಇಲ್ಲವೋ, ಮಗಳಿಗೆ ಗಂಡು ಸಿಗುತ್ತದೋ ಇಲ್ಲವೋ ಎಂಬ ಭಯ ಅವರಿಗೆ. ಮತಾಂತರ ಮಾಡುವ ಉದ್ದೇಶ ಆ ಆಜ್ಞೆಗೆ ಇರಲಿಲ್ಲ. ಆದರೆ ಇಲ್ಲ ಎಂದು ಬಿಡಿಸಿ ಹೇಳುವವರೂ ಇರಲಿಲ್ಲ.

ಸಿಪಾಯಿಗಳು ಮೊದಲು ಕತ್ತಿ ಎತ್ತಲಿಲ್ಲ. 1806ರ ಮೇ ತಿಂಗಳಲ್ಲಿ ವೆಲ್ಲೂರಿನಲ್ಲಿದ್ದ ಒಂದು ಪಲ್ಟನ್ನಿನವರು ರುಮಾಲು ಧರಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದರು. ಉತ್ತರವಾಗಿ ಬಂದದ್ದು ಚಾಟಿ. ಒಬ್ಬ ಹಿಂದೂ, ಒಬ್ಬ ಮುಸಲ್ಮಾನ, ಇಬ್ಬರನ್ನೂ ಚಾಟಿಯಿಂದ ಹೊಡೆಸಿ ಕೆಲಸದಿಂದ ತೆಗೆದರು. ಇನ್ನೂ 19 ಮಂದಿಗೆ ಚಾಟಿಯ ಶಿಕ್ಷೆ ವಿಧಿಸಿ, ಅವರು ಕ್ಷಮೆ ಕೇಳಿದ ಮೇಲೆ ಬಿಟ್ಟರು. ಜೂನ್ ತಿಂಗಳಲ್ಲಿ ಮುಸ್ತಾಫಾ ಬೇಗ್ ಎಂಬ ಸಿಪಾಯಿ ತನ್ನ ಮೇಲಧಿಕಾರಿಯ ಬಳಿಗೆ ಹೋಗಿ, ಒಳಗೊಳಗೇ ಸಂಚು ನಡೆದಿದೆ ಎಂದು ಎಚ್ಚರಿಸಿದ. ವಿಚಾರಿಸಲು ಹೇಳಿದ್ದು ದೇಶೀ ಅಧಿಕಾರಿಗಳಿಗೆ. ಅವರು ಇದೆಲ್ಲ ಸುಳ್ಳು ಎಂದರು. ಎಚ್ಚರಿಸಿದವನನ್ನೇ ಹುಚ್ಚನೆಂದು ಕೂಡಿಹಾಕಿದರು.

ಜುಲೈ 9ರಂದು ಕೋಟೆಯ ಅರಮನೆಯಲ್ಲಿ ಟಿಪ್ಪುವಿನ ಮಗಳೊಬ್ಬಳ ಮದುವೆಯ ಸಂಭ್ರಮ. ಅದೇ ರಾತ್ರಿ ಕಳೆದು 10ರ ನಸುಕಿನಲ್ಲಿ ಗುಂಡಿನ ಸದ್ದು ಕೇಳಿಸಿತು. ಕೋಟೆಯಲ್ಲಿ ಸುಮಾರು 1500 ದೇಶೀ ಸಿಪಾಯಿಗಳಿದ್ದರು, 69ನೇ ರೆಜಿಮೆಂಟಿನ ನಾಲ್ಕು ಕಂಪನಿ ಬಿಳಿಯ ಸೈನಿಕರಿದ್ದರು. ಬಿಳಿಯರು ಬ್ಯಾರಕ್ಕಿನಲ್ಲಿ ಮಲಗಿದ್ದಾಗಲೇ ಗುಂಡು ಸುರಿಯಿತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ರೋಗಿಗಳನ್ನೂ ಬಿಡಲಿಲ್ಲ. ಕೋಟೆಯ ಮುಖ್ಯಾಧಿಕಾರಿ ಕರ್ನಲ್ ಫ್ಯಾನ್‌ಕೋರ್ಟ್ ಸತ್ತ. 14 ಅಧಿಕಾರಿಗಳೂ 69ನೇ ರೆಜಿಮೆಂಟಿನ 115 ಸೈನಿಕರೂ ಸತ್ತರೆಂದು ಲೆಕ್ಕ. ಬೆಳಕು ಹರಿಯುವ ಹೊತ್ತಿಗೆ ಕೋಟೆಯ ಮೇಲೆ ಮೈಸೂರಿನ ಬಾವುಟ ಹಾರಾಡಿತು. ಟಿಪ್ಪುವಿನ ಮಗ ಫತೇ ಹೈದರನೇ ದೊರೆ ಎಂದು ಸಾರಿದರು. ಆದರೆ ಸಿಪಾಯಿಗಳು ಕೋಟೆಯ ಬಾಗಿಲನ್ನು ಭದ್ರಪಡಿಸಲಿಲ್ಲ. ಹಲವರು ಲೂಟಿಗೆ ಇಳಿದರು. ಮುಂದೇನು ಎಂಬ ಯೋಚನೆ ಯಾರಿಗೂ ಇದ್ದಂತೆ ಕಾಣಲಿಲ್ಲ.

ಕೋಟೆಯ ಹೊರಗಿದ್ದ ಒಬ್ಬ ಅಧಿಕಾರಿ ಸುಮಾರು 25 ಕಿಲೋಮೀಟರ್ ದೂರದ ಆರ್ಕಾಟಿಗೆ ಸುದ್ದಿ ಮುಟ್ಟಿಸಿದ. ಅಲ್ಲಿಂದ ಕರ್ನಲ್ ರೋಲೋ ಗಿಲೆಸ್ಪಿ ಕುದುರೆ ದಂಡಿನೊಂದಿಗೆ ಧಾವಿಸಿ ಬಂದ. ಹಗ್ಗ ಹಿಡಿದು ಗೋಡೆ ಹತ್ತಿ, ಬದುಕುಳಿದ ಬಿಳಿಯರನ್ನು ಸೇರಿಕೊಂಡ. ಹಿಂದೆ ಬಂದ ಫಿರಂಗಿಗಳು ಒಳಬಾಗಿಲನ್ನು ಒಡೆದವು. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು. ಅರಮನೆಯಲ್ಲಿ ಅಡಗಿದ್ದ ಸುಮಾರು 100 ಸಿಪಾಯಿಗಳನ್ನು ಹೊರಗೆಳೆದು ಗೋಡೆಯ ಮುಂದೆ ನಿಲ್ಲಿಸಿ ವಿಚಾರಣೆ ಇಲ್ಲದೆ ಗುಂಡಿಟ್ಟು ಕೊಂದರು. ಒಟ್ಟು ಸತ್ತ ಸಿಪಾಯಿಗಳನ್ನು ಕೆಲವರು 350 ಎನ್ನುತ್ತಾರೆ, ಕೆಲವರು 800 ಎನ್ನುತ್ತಾರೆ. ಸತ್ತ ಬಿಳಿಯರ ಲೆಕ್ಕ ಒಂದೊಂದಾಗಿ ಸಿಗುತ್ತದೆ, ನಮ್ಮವರ ಲೆಕ್ಕ ಸಿಗುವುದಿಲ್ಲ. ಲೆಕ್ಕ ಬರೆದೇ ಜೀವನ ಕಳೆದ ನನಗೆ ಈ ಮಾತು ಚುಚ್ಚುತ್ತದೆ. ವಿಚಾರಣೆಯ ನಂತರ ಆರು ಜನರನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದರು, ಐವರನ್ನು ಗುಂಡಿಟ್ಟು ಕೊಂದರು, ಎಂಟು ಜನರನ್ನು ಗಲ್ಲಿಗೇರಿಸಿದರು.

ಶ್ರೋತೃಗಳೇ, ಇಷ್ಟಾದ ಮೇಲೆ ಏನಾಯಿತು ಗೊತ್ತೇ? ಅದೇ ಜುಲೈ ತಿಂಗಳಲ್ಲಿ ರುಮಾಲಿನ ಆಜ್ಞೆಯನ್ನು ಹಿಂದಕ್ಕೆ ಪಡೆದರು. ನಾಮಕ್ಕೂ ಒಂಟಿಗೂ ಮತ್ತೆ ಅಡ್ಡಿ ಉಳಿಯಲಿಲ್ಲ. ಮೇ ತಿಂಗಳಲ್ಲಿ ಒಂದು ಕಾಗದದಲ್ಲಿ ಮುಗಿಯಬಹುದಾಗಿದ್ದ ಕೆಲಸ ಅದು. ದಂಗೆ ಎದ್ದ ಪಲ್ಟನ್ನುಗಳನ್ನು ವಿಸರ್ಜಿಸಿದರು. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಹುಚ್ಚನೆನಿಸಿಕೊಂಡಿದ್ದ ಮುಸ್ತಾಫಾ ಬೇಗನಿಗೆ ಬಹುಮಾನ ಸಿಕ್ಕಿತು. ಅಶಾಂತಿ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಹೈದರಾಬಾದಿನಲ್ಲಿ, ವಾಲಾಜಾಬಾದಿನಲ್ಲಿ, ಅಕ್ಟೋಬರಿನಲ್ಲಿ ನಮ್ಮ ನಂದಿ ದುರ್ಗದಲ್ಲೂ ಸಿಪಾಯಿಗಳ ಗುಸುಗುಸು ಕೇಳಿ ಅಧಿಕಾರಿಗಳು ನಿದ್ದೆಗೆಟ್ಟರು. 1807ರಲ್ಲಿ ಬೆಂಟಿಂಕನನ್ನೂ ಕ್ರೆಡಾಕನನ್ನೂ ಲಂಡನ್ನಿನವರು ವಾಪಸು ಕರೆಸಿಕೊಂಡರು. ದಂಗೆಗೆ ಕಾರಣ ಎರಡು, ಉಡುಪಿನ ಆಜ್ಞೆ ಮತ್ತು ಟಿಪ್ಪುವಿನ ಕುಟುಂಬ ಅಲ್ಲಿದ್ದದ್ದು ಎಂದು ವಿಚಾರಣಾ ಸಮಿತಿ ಹೇಳಿತು. ಎರಡನೆಯದು ಬೆಂಕಿಗೆ ಎಣ್ಣೆ ಇರಬಹುದು. ಕಿಡಿ ಮೊದಲನೆಯದೇ ಎಂಬುದು ನನ್ನ ಅಭಿಪ್ರಾಯ. ಚಾಟಿಯೇಟು ತಿಂದವರು ಟಿಪ್ಪುವಿನ ಹೆಸರು ಹೇಳಿರಲಿಲ್ಲ, ರುಮಾಲಿನ ಹೆಸರು ಹೇಳಿದ್ದರು.

ಅದೇ ಬೆಂಟಿಂಕ್ ಮುಂದೆ ಗವರ್ನರ್ ಜನರಲ್ ಆಗಿ ಮರಳಿ ಬಂದ. 1829ರಲ್ಲಿ ಸತಿ ಪದ್ಧತಿಯನ್ನು ನಿಷೇಧಿಸುವ ಮುಂಚೆ, ಸಿಪಾಯಿಗಳು ಇದನ್ನು ಹೇಗೆ ತೆಗೆದುಕೊಂಡಾರು ಎಂದು ಸೈನ್ಯದ ಅಧಿಕಾರಿಗಳನ್ನು ವಿಚಾರಿಸಿ ನೋಡಿದ. ಒಮ್ಮೆ ಸುಟ್ಟುಕೊಂಡವನು ಕೇಳಿ ನಡೆಯುವುದನ್ನು ಕಲಿತ. ಆದರೆ ಕಂಪನಿ ಕಲಿಯಲಿಲ್ಲ. 1857ರಲ್ಲಿ ಕೊಬ್ಬು ಸವರಿದ ತೋಟಾಗಳ ಮಾತು ಎದ್ದಾಗ ಮತ್ತೆ ಅದೇ ಹಸು, ಅದೇ ಹಂದಿ, ಅದೇ ಅನುಮಾನ. 1858ರಲ್ಲಿ ವಿಕ್ಟೋರಿಯಾ ರಾಣಿ, ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲ ಎಂದು ಘೋಷಿಸಬೇಕಾಗಿ ಬಂತು.

ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಅದನ್ನು ಹೇಳದಿದ್ದರೆ ನ್ಯಾಯವಾಗದು. ಅದೇ ಮದ್ರಾಸ್ ಸೈನ್ಯದಲ್ಲಿ ದೇವಸ್ಥಾನದ ಉತ್ಸವಗಳಿಗೆ, ಮುಸಲ್ಮಾನರ ಹಬ್ಬಗಳಿಗೆ ಸೈನಿಕರು ಸಾಲುಗಟ್ಟಿ ನಿಂತು ಗೌರವ ಸಲ್ಲಿಸುವ, ತೋಪು ಹಾರಿಸುವ ಪದ್ಧತಿ ಇತ್ತು. ಆ ಸಾಲಿನಲ್ಲಿ ಕ್ರೈಸ್ತ ಸೈನಿಕರೂ ನಿಲ್ಲಬೇಕಿತ್ತು. ನಮ್ಮ ನಂಬಿಕೆಗೆ ಇದು ವಿರುದ್ಧ ಎಂದು ಅವರ ಪಾದ್ರಿಗಳು 1836ರಲ್ಲಿ ಸರ್ಕಾರಕ್ಕೆ ಅರ್ಜಿ ಕೊಟ್ಟರು. ಸರ್ಕಾರ ಕಿವಿಗೊಡಲಿಲ್ಲ. ಮದ್ರಾಸಿನ ದಂಡನಾಯಕ ಸರ್ ಪೆರಿಗ್ರಿನ್ ಮೈಟ್‌ಲ್ಯಾಂಡ್ ಇದೇ ಕಾರಣಕ್ಕೆ 1838ರಲ್ಲಿ ಹುದ್ದೆಯನ್ನೇ ಬಿಟ್ಟ. 1806ರಲ್ಲಿ ಸಿಪಾಯಿಗೆ ನಿನ್ನ ಗುರುತು ಅಳಿಸು ಎಂದರು. 1836ರಲ್ಲಿ ಇನ್ನೊಬ್ಬ ಸಿಪಾಯಿಗೆ ಪರರ ದೇವರ ಮುಂದೆ ನಿಲ್ಲು ಎಂದರು. ಎರಡೂ ಒಂದೇ ನಾಣ್ಯದ ಎರಡು ಮುಖಗಳು.

ಇಂದು ನಮ್ಮ ಸಂವಿಧಾನದ 25ನೇ ವಿಧಿ ಎಲ್ಲರಿಗೂ ಧರ್ಮ ಸ್ವಾತಂತ್ರ್ಯ ಕೊಟ್ಟಿದೆ. ಸೈನ್ಯದಲ್ಲಿರುವವರಿಗೆ ಮೂಲಭೂತ ಹಕ್ಕುಗಳನ್ನು ಎಷ್ಟರ ಮಟ್ಟಿಗೆ ಮಿತಗೊಳಿಸಬೇಕು ಎಂಬುದನ್ನು ಸಂಸತ್ತು ತೀರ್ಮಾನಿಸಬಹುದು ಎಂದು 33ನೇ ವಿಧಿ ಹೇಳುತ್ತದೆ. ಸೈನ್ಯದಲ್ಲಿ ಪಂಡಿತ, ಮೌಲ್ವಿ, ಪಾದ್ರಿ, ಗ್ರಂಥಿ ಮೊದಲಾದ ಧರ್ಮಗುರುಗಳು ಸಂಬಳದ ಮೇಲೆ ಇದ್ದಾರೆ. ಎಷ್ಟೋ ಕಡೆ ಒಂದೇ ಸೂರಿನಡಿ ಎಲ್ಲ ಧರ್ಮಗಳಿಗೂ ಸೇರಿದ ಸರ್ವಧರ್ಮ ಸ್ಥಳ ಇದೆ. ಸಿಖ್ಖರು ಗಡ್ಡ ಬಿಡಬಹುದು, ಪೇಟ ಕಟ್ಟಬಹುದು. ಆದರೂ ಪ್ರಶ್ನೆಗಳು ಮುಗಿದಿಲ್ಲ. ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರು ಗಡ್ಡ ಬಿಡಲು ಅನುಮತಿ ಕೇಳಿದಾಗ, 2016ರಲ್ಲಿ ಸುಪ್ರೀಂ ಕೋರ್ಟು ಶಿಸ್ತು ಮತ್ತು ಏಕರೂಪತೆಯ ಕಾರಣ ಹೇಳಿ ನಿರಾಕರಿಸಿತು. ರೆಜಿಮೆಂಟಿನ ಮಂದಿರ ಮತ್ತು ಗುರುದ್ವಾರಗಳ ಗರ್ಭಗುಡಿಯೊಳಗೆ ಬರುವುದಿಲ್ಲ, ಹೊರಗೆ ನನ್ನ ಜವಾನರೊಂದಿಗೆ ನಿಲ್ಲುತ್ತೇನೆ ಎಂದ ಕ್ರೈಸ್ತ ಅಧಿಕಾರಿಯೊಬ್ಬರನ್ನು 2021ರಲ್ಲಿ ಸೇವೆಯಿಂದ ತೆಗೆದರು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟು, ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದವು. ಜವಾನರ ಜೊತೆ ಒಂದಾಗಿ ನಡೆಯುವುದು ಅಧಿಕಾರಿಯ ಕರ್ತವ್ಯ ಎಂಬುದು ನ್ಯಾಯಾಲಯದ ನೋಟ.

ನ್ಯಾಯಾಲಯದ ಮಾತಿಗೆ ತಲೆಬಾಗೋಣ. ಸೈನ್ಯಕ್ಕೆ ಶಿಸ್ತು ಬೇಕು. ಬೆಂಕಿಯ ಮುಂದೆ ನಿಂತಾಗ ಪ್ರತಿಯೊಬ್ಬನೂ ತನ್ನದೇ ನಿಯಮ ಹೇಳಿದರೆ ನಡೆಯದು. ಆದರೆ ವೆಲ್ಲೂರು ನಮಗೆ ಹೇಳುವ ಮಾತು ಬೇರೆ. ಯಾವ ಆಜ್ಞೆ ಕಾಳಗಕ್ಕೆ ಬೇಕಾದದ್ದು, ಯಾವುದು ಬರೀ ನೋಟಕ್ಕೆ ಬೇಕಾದದ್ದು ಎಂಬುದನ್ನು ಬೇರೆ ಮಾಡಿ ನೋಡಬೇಕು. ಮನುಷ್ಯನ ನಂಬಿಕೆಯನ್ನು ಮುಟ್ಟುವ ಆಜ್ಞೆ ಹೊರಡುವ ಮೊದಲು ಅವನನ್ನು ಕೇಳಬೇಕು. ಅವನು ಬಾಯಿಬಿಟ್ಟು ದೂರು ಹೇಳುವಾಗ ಅದನ್ನು ದಂಗೆ ಎಂದುಕೊಳ್ಳಬಾರದು. ದೂರು ಹೇಳುವವನು ಇನ್ನೂ ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದಾನೆ. ಅವನು ಸುಮ್ಮನಾದ ಮೇಲೆಯೇ ಭಯಪಡಬೇಕು.

ನಮ್ಮ ಗಡಿ ಊರುಗಳವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗೂ ಸೇರಿ ಬದುಕುವವರು ನಾವು. ಎಲ್ಲರ ನಡುವೆ ಇದ್ದೂ ನಮ್ಮದನ್ನು ಉಳಿಸಿಕೊಳ್ಳುವುದು ಹೇಗೆಂದು ದಿನವೂ ಕಲಿಯುತ್ತಿದ್ದೇವೆ.

ಮುಂದಿನ ಸಲ ವೆಲ್ಲೂರಿಗೆ ಹೋದಾಗ ಆಸ್ಪತ್ರೆಯ ಕೆಲಸ ಮುಗಿಸಿ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಊರೊಳಗೆ ಮಕ್ಕಾನ್ ಬಳಿ ಆ ಸಿಪಾಯಿಗಳ ನೆನಪಿಗಾಗಿ ಒಂದು ಸ್ತಂಭ ನಿಲ್ಲಿಸಿದ್ದಾರೆ. 2006ರಲ್ಲಿ ಇನ್ನೂರು ವರ್ಷ ತುಂಬಿದಾಗ ಅಂಚೆ ಇಲಾಖೆ ಒಂದು ಚೀಟಿಯನ್ನೂ ತಂದಿತು. ನಮ್ಮ ಪೆನ್ಷನ್ ಸಾಲಿನ ಆ ಯಜಮಾನರು ಇಂದು ಇಲ್ಲ. ಅಳಿಸು ಎಂದವರೇ ಹಚ್ಚಿಕೋ ಎಂದೂ ಹೇಳಿದರೆಂಬ ಅವರ ಮಾತನ್ನು ಆ ಸ್ತಂಭದ ಮುಂದೆ ನಿಂತು ಒಮ್ಮೆ ನೆನೆಯಿರಿ. 1806ರ ಸಿಪಾಯಿಗೆ ಆ ಎರಡನೆಯ ಮಾತನ್ನು ಯಾರೂ ಹೇಳಲಿಲ್ಲ.