ಆಟದ ಕಂಟ್ರೋಲರ್, ಆಳದ ಕಡಲು



"ಆ ಗೇಮ್ ಬಿಟ್ಟು ಏನಾದರೂ ಕಲಿ" ಎಂಬ ಮಾತು ಕೇಳಿಸದ ಮನೆ ಇರಲಿಕ್ಕಿಲ್ಲ. ಆದರೆ ಆಡುತ್ತಾ ಆಡುತ್ತಾ ಬೆರಳು ಕಲಿತದ್ದನ್ನೇ ಅಮೆರಿಕದ ನೌಕಾಪಡೆ ಒಂದು ಮುಖ್ಯ ಕೆಲಸಕ್ಕೆ ಬಳಸಿಕೊಂಡಿದೆ.

ಹಳೆಯ ಜಲಾಂತರ್ಗಾಮಿಯ ಪೆರಿಸ್ಕೋಪ್ ಎಂದರೆ ಒಂದು ಉದ್ದನೆಯ ಕೊಳವೆ. ಒಮ್ಮೆಗೆ ಒಬ್ಬರೇ ಅದಕ್ಕೆ ಕಣ್ಣಿಟ್ಟು ನೋಡಬೇಕು. ವರ್ಜೀನಿಯಾ ವರ್ಗದ ಜಲಾಂತರ್ಗಾಮಿಗಳಲ್ಲಿ ಆ ಕೊಳವೆ ಇಲ್ಲ. ನೀರಿನ ಮೇಲಕ್ಕೆ ಏರುವ ಕಂಬದಲ್ಲಿ ಕ್ಯಾಮೆರಾ ಇರುತ್ತದೆ. ಅದರ ಚಿತ್ರವನ್ನು ಎಲ್ಲರೂ ಪರದೆಯ ಮೇಲೆ ನೋಡಬಹುದು. ಅದನ್ನು ತಿರುಗಿಸಲು ಮೊದಲು ಹೆಲಿಕಾಪ್ಟರಿನಲ್ಲಿ ಇರುವಂಥ ಹಿಡಿಕೆ ಇತ್ತು. ಹಿಡಿಕೆ ಮತ್ತು ಅದರ ಫಲಕಕ್ಕೆ ಸುಮಾರು 38,000 ಡಾಲರ್! ಇದು ಭಾರ, ಕೈಗೆ ಒಗ್ಗುವುದಿಲ್ಲ ಎಂದು ನಾವಿಕರು ದೂರಿದರು. ಆಗ 2005ರಲ್ಲಿ ಅಂಗಡಿಗೆ ಬಂದಿದ್ದ ಎಕ್ಸ್‌ಬಾಕ್ಸ್ 360ರ ಕಂಟ್ರೋಲರ್ ಕೊಟ್ಟು ನೋಡಿದರು. ಬೆಲೆ 30 ಡಾಲರ್ ಆಸುಪಾಸು. ಗಂಟೆಗಟ್ಟಲೆ ಹಿಡಿಯುತ್ತಿದ್ದ ತರಬೇತಿ ನಿಮಿಷಗಳಲ್ಲಿ ಮುಗಿಯಿತು. 2018ರ ಮಾರ್ಚ್ 17ರಂದು ಸೇವೆಗೆ ಸೇರಿದ ಯುಎಸ್‌ಎಸ್ ಕೊಲರಾಡೊ ಇದನ್ನು ಅಳವಡಿಸಿಕೊಂಡ ಮೊದಲ ಜಲಾಂತರ್ಗಾಮಿ.

ಇಲ್ಲಿ ಒಂದು ಮಾತು ಗಮನಿಸಿ. ಆ ಕಂಟ್ರೋಲರ್ ತಿರುಗಿಸುವುದು ಕ್ಯಾಮೆರಾವನ್ನು ಮಾತ್ರ. ಕೆಟ್ಟರೆ ಇನ್ನೊಂದನ್ನು ಸಿಕ್ಕಿಸಿದರಾಯಿತು. ನಾವಿಕರ ಜೀವ ಕಾಯುವುದು ಉಕ್ಕಿನ ಒಡಲು, ಈ ಕಂಟ್ರೋಲರ್ ಅಲ್ಲ.

ಅದೇ 2018ರ ಮಾರ್ಚ್ ತಿಂಗಳಲ್ಲಿ ಇನ್ನೊಂದು ಪತ್ರ ಸಿದ್ಧವಾಯಿತು. ಓಷನ್‌ಗೇಟ್ ಎಂಬ ಕಂಪನಿ ಟೈಟಾನಿಕ್ ಹಡಗಿನ ಅವಶೇಷ ತೋರಿಸಲು 'ಟೈಟನ್' ಎಂಬ ಪುಟ್ಟ ಜಲನೌಕೆ ಕಟ್ಟಿತ್ತು. ಅದರ ಒಡಲಿಗೆ ಕಾರ್ಬನ್ ಫೈಬರ್ ಬಳಸಲಾಗಿತ್ತು. ಸ್ವತಂತ್ರ ಸಂಸ್ಥೆಯಿಂದ ಪರೀಕ್ಷೆ ಮಾಡಿಸದೆ ಹೋದರೆ ದುರಂತವಾದೀತು ಎಂದು ಈ ಕ್ಷೇತ್ರದ ಮೂವತ್ತಕ್ಕೂ ಹೆಚ್ಚು ಪರಿಣತರು ಆ ಪತ್ರದಲ್ಲಿ ಎಚ್ಚರಿಸಿದರು. ಎಚ್ಚರಿಸಿದ ಕಂಪನಿಯದೇ ಅಧಿಕಾರಿಯೊಬ್ಬರು ಕೆಲಸ ಕಳೆದುಕೊಂಡಿದ್ದರು.

2023ರ ಜೂನ್ 18ರಂದು ಸುಮಾರು 3,800 ಮೀಟರ್ ಆಳದ ಟೈಟಾನಿಕ್ ಕಡೆಗೆ ಇಳಿಯುತ್ತಿದ್ದಾಗ ನೀರಿನ ಒತ್ತಡಕ್ಕೆ ಟೈಟನ್ ಒಳಕ್ಕೆ ಕುಸಿಯಿತು. ಒಳಗಿದ್ದ ಐವರೂ ತೀರಿಕೊಂಡರು. ನೌಕೆಯನ್ನು ನಡೆಸುತ್ತಿದ್ದುದು ಲಾಜಿಟೆಕ್ ಗೇಮ್ ಕಂಟ್ರೋಲರ್‌ನಿಂದ ಎಂದು ತಿಳಿದು ಲೋಕವೆಲ್ಲ ಅದನ್ನೇ ಆಡಿಕೊಂಡಿತು. ಆದರೆ 2025ರಲ್ಲಿ ಬಂದ ಅಮೆರಿಕದ ಕೋಸ್ಟ್ ಗಾರ್ಡ್ ವರದಿ ಬೊಟ್ಟು ಮಾಡಿದ್ದು ಒಡಲಿನ ವಿನ್ಯಾಸ, ಪರೀಕ್ಷೆಯ ಕೊರತೆ ಮತ್ತು ಕಿವಿಗೆ ಹಾಕಿಕೊಳ್ಳದ ಎಚ್ಚರಿಕೆಗಳ ಕಡೆಗೆ. ಈ ಸಾವುಗಳನ್ನು ತಪ್ಪಿಸಬಹುದಿತ್ತು ಎಂದೂ ಅದು ಹೇಳಿತು.

ಎರಡೂ ಕಡೆ ಕೈಯಲ್ಲಿದ್ದದ್ದು ಆಟದ ಸಾಮಾನೇ. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರ್ ಆಗುತ್ತೀರಿ, ಕೆಲವರು ಯಂತ್ರ ನಡೆಸುತ್ತೀರಿ. ಅಗ್ಗದ ವಸ್ತು ಬಳಸಲು ನಾಚಿಕೆ ಬೇಡ. ಆದರೆ ಇದು ಕೆಟ್ಟರೆ ಹೋಗುವುದು ಒಂದು ಚಿತ್ರವೋ, ಒಂದು ಜೀವವೋ ಎಂದು ಮೊದಲು ಕೇಳಿಕೊಳ್ಳಿ. "ಇದು ಸರಿಯಿಲ್ಲ" ಎಂದು ಜೊತೆಯವರು ಹೇಳಿದಾಗ ನಿಂತು ಕೇಳಿ.