ಸಮುದಾಯ ಆಧಾರಿತ ಸೈಕೋಸಿಸ್ ಆರೈಕೆ

ಭ್ರಮೆ, ಇಲ್ಲದ ದನಿಗಳ ಕೇಳಿಕೆಯಂಥ ಲಕ್ಷಣಗಳಿಂದ ಬಳಲುವವರಿಗೆ ಅವರ ಊರಲ್ಲೇ ಚಿಕಿತ್ಸೆ, ಕುಟುಂಬಕ್ಕೆ ತಿಳಿವಳಿಕೆ, ದುಡಿಮೆಗೆ ಮರಳಲು ನೆರವು ಒದಗಿಸುವ ಕ್ರಮ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಇಂಥ ಆರೈಕೆಯಲ್ಲಿ ಸ್ಥಳೀಯ ಕಾರ್ಯಕರ್ತರೂ ತೊಡಗುವುದರಿಂದ, ವೈದ್ಯರಲ್ಲದವರ ಕೈಗೆ ಇಂಥ ಕಾಯಿಲೆಯನ್ನು ಒಪ್ಪಿಸಬಹುದೇ ಎಂಬ ಆಕ್ಷೇಪ ಸಹಜ. 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಕೊಪ್ಸಿ ಎಂಬ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ: ತಮಿಳುನಾಡು, ಗೋವಾ, ಸಾತಾರಾಗಳ 282 ಸ್ಕಿಜೋಫ್ರೀನಿಯಾ ರೋಗಿಗಳ ಪೈಕಿ, ತಜ್ಞರ ಚಿಕಿತ್ಸೆಯ ಜೊತೆಗೆ ತರಬೇತಾದ ಸ್ಥಳೀಯ ಕಾರ್ಯಕರ್ತರ ಆರೈಕೆಯನ್ನೂ ಪಡೆದವರಲ್ಲಿ ರೋಗಲಕ್ಷಣಗಳೂ ಅಸಾಮರ್ಥ್ಯವೂ 12 ತಿಂಗಳಲ್ಲಿ ಉಳಿದವರಿಗಿಂತ ಹೆಚ್ಚು ತಗ್ಗಿದವು. ಲಾಭ ಸಾಧಾರಣ, ವೆಚ್ಚ ಹೆಚ್ಚು ಎಂಬುದೂ ನಿಜ. ಆದರೆ ಇಲ್ಲಿ ಕಾರ್ಯಕರ್ತರು ತಜ್ಞರ ಬದಲಿಗಲ್ಲ, ಅವರ ಜೊತೆಗೆ ದುಡಿದವರು. ಔಷಧಿ ಬಿಟ್ಟವರ ಬಾಗಿಲಿಗೆ ಯಾರೂ ಹೋಗದ ಚಿಕಿತ್ಸಾ ವ್ಯವಸ್ಥೆ ಅಪೂರ್ಣವೆಂದೇ ಹೇಳಬೇಕು.