ಗರಿಕಡ್ಡಿ

ಒಣ ಕಟ್ಟಿಗೆಯ ಸೀಳನ್ನು ಚೂರಿಯಿಂದ ತೆಳ್ಳಗೆ ಹೆರೆದು, ಸುರುಳಿಗಳು ಉದುರದೆ ಒಂದು ತುದಿಯಲ್ಲಿ ಗೊಂಚಲಾಗಿ ಉಳಿಯುವಂತೆ ಮಾಡಿದ ಉರುವಲು. ಕಾಗದ, ಸೀಮೆಎಣ್ಣೆ, ಕರ್ಪೂರಗಳ ನೆರವಿಲ್ಲದೆ ಶಿಬಿರದ ಬೆಂಕಿ ಹೊತ್ತಿಸಲು ಬಳಕೆ. ಶಿಬಿರಗಳಲ್ಲಿ ಫೆದರ್ ಸ್ಟಿಕ್ ಎಂದೇ ರೂಢಿ. ಬೆಂಗಳೂರಿನ ಯಲಹಂಕ, ಹೆಬ್ಬಾಳದ ಹಳೆಯ ಮನೆಗಳ ಹಂಡೆ ಒಲೆಗೆ ತೆಂಗಿನ ಗರಿ, ಪುಳ್ಳೆ, ಚಿಪ್ಪು ಸಾಕಾಗುತ್ತಿದ್ದುದರಿಂದ ಕಡ್ಡಿ ಹೆರೆಯುವ ಅಗತ್ಯ ಬಿದ್ದಂತಿಲ್ಲ.

ಚರಿತ್ರೆ

ಮಂಜು, ಮಳೆಯಲ್ಲಿ ನೆನೆದ ಪೈನ್, ಸ್ಪ್ರೂಸ್ ಕಾಡುಗಳ ಶೀತದೇಶಗಳಲ್ಲಿ ಬೆಳೆದ ಕೌಶಲ ಇದು. ಹೊರಮೈ ಒದ್ದೆಯಾದ ಕೊರಡನ್ನು ಸೀಳಿದರೆ ಒಳಗೆ ಒಣ ಮರ ಸಿಗುತ್ತದೆ ಎಂಬುದೇ ಅದರ ಮೂಲ. ಕೆನಡಾದ ಮಾರ್ಸ್ ಕೊಚಾನ್‌ಸ್ಕಿ 1980ರ ದಶಕದಲ್ಲಿ ಬರೆದ ಪುಸ್ತಕ ಇಂಥ ಕಾಡುವಿದ್ಯೆಗಳನ್ನು ಹವ್ಯಾಸಿಗಳಿಗೆ ತಲುಪಿಸಿತು. ಬೆಂಗಳೂರಿನಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ 1909ರಲ್ಲಿ ಕಟ್ಟಿದ ದಳವನ್ನು ಭಾರತದ ಮೊದಲ ಸ್ಕೌಟ್ ದಳವೆಂದು ಎಣಿಸುತ್ತಾರೆ. ಎರಡಕ್ಕಿಂತ ಹೆಚ್ಚು ಬೆಂಕಿಕಡ್ಡಿ ಗೀರದೆ ಸೌದೆ ಹೊತ್ತಿಸಬೇಕೆಂಬುದು ಸ್ಕೌಟಿಂಗ್‌ನ ಹಳೆಯ ಪರೀಕ್ಷೆ, ಗರಿಕಡ್ಡಿ ನೆರವಾಗುವುದು ಇಂಥಲ್ಲೇ.

ಹೊತ್ತುವ ಬಗೆ

ಒಂದು ಸೆಂಟಿಮೀಟರ್ ಚೌಕದ ಕಡ್ಡಿಯಲ್ಲಿ ಪ್ರತಿ ಘನ ಸೆಂಟಿಮೀಟರ್ ಮರಕ್ಕೆ ಗಾಳಿ ತಾಗುವ ಮೈ 4 ಚದರ ಸೆಂಟಿಮೀಟರ್. ಅಷ್ಟೇ ಮರವನ್ನು 0.2 ಮಿಲಿಮೀಟರ್ ದಪ್ಪಕ್ಕೆ ಹೆರೆದರೆ ಮೈ ಸುಮಾರು 100 ಚದರ ಸೆಂಟಿಮೀಟರ್, ಅಂದರೆ 25 ಪಟ್ಟು. ಬೆಂಕಿಕಡ್ಡಿಯ ಜ್ವಾಲೆ ಇರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಮರ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಹೊಗೆಯನಿಲ ಬಿಡಬೇಕು. ದಪ್ಪ ಕಡ್ಡಿಯಲ್ಲಿ ಶಾಖ ಒಳಕ್ಕೆ ಹರಿದು ಹೋಗುತ್ತದೆ, ಸುರುಳಿಯಲ್ಲಿ ಹೋಗಲು ಜಾಗವಿಲ್ಲ. ಸುರುಳಿಗಳ ನಡುವೆ ಗಾಳಿ ಆಡುತ್ತದೆ. ಅವು ಉರಿಯುತ್ತಲೇ ತಾಯಿಕಡ್ಡಿಯನ್ನು ಕಾಯಿಸುತ್ತವೆ. ಬಡಗಿಯ ಉಜ್ಜುಗೊರಡಿನ ಹೊಟ್ಟು ಇಷ್ಟೇ ತೆಳು, ಆದರೆ ಭಗ್ಗೆಂದು ಉರಿದು ಆರಿಹೋಗುತ್ತದೆ.

ಮರದ ಆಯ್ಕೆ

ಚೂರಿಯ ಬೆಲೆಗೆ ಹವ್ಯಾಸಿಗಳು ಕೊಡುವ ಗಮನ ಮರದ ನಾರಿನ ಓಟಕ್ಕೆ ಸಲ್ಲಬೇಕು. ಯಶವಂತಪುರಕ್ಕೆ ಹೊಂದಿದ ಮಲ್ಲೇಶ್ವರದಲ್ಲಿ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದ ಇಂದಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಗುಣಗಳನ್ನು ಅಳೆಯುವುದೇ ಅದರ ಕಸುಬು. ಆದರೂ ಶಿಬಿರದ ಪಾಠಗಳು ಇನ್ನೂ ಸ್ಪ್ರೂಸ್ ಮರದ ಲೆಕ್ಕದಲ್ಲೇ ನಡೆಯುತ್ತವೆ.

ಬೆಂಗಳೂರು ಸೀಮೆಯಲ್ಲಿ ಸುಲಭವಾಗಿ ಕೈಗೆ ಸಿಗುವುದು ನೀಲಗಿರಿ. ಟಿಪ್ಪು ಸುಲ್ತಾನ್ ಸುಮಾರು 1790ರಲ್ಲಿ ನಂದಿಬೆಟ್ಟದ ತೋಟದಲ್ಲಿ ಈ ಮರಗಳನ್ನು ನೆಡಿಸಿದನೆಂದು ಹೇಳಲಾಗುತ್ತದೆ. ಅಲ್ಲಿಯ ಬೀಜದಿಂದ ಹಬ್ಬಿದ ತಳಿಗೆ ಅರಣ್ಯಶಾಸ್ತ್ರದಲ್ಲಿ ಮೈಸೂರು ಗಮ್ ಎಂಬ ಹೆಸರು ನಿಂತಿತು. ಮುಂದೆ ದೇಶದ ಎಷ್ಟೋ ನೆಡುತೋಪುಗಳಿಗೆ ಹೋದದ್ದೂ ಅದೇ. ಅಂತರ್ಜಲದ ಆತಂಕದಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸ ನೆಡುವಿಕೆಗೆ ತಡೆ ಹಾಕಿತು. ಇಷ್ಟು ಚರಿತ್ರೆಯಿರುವ ಮರ ಗರಿಕಡ್ಡಿಗೆ ಒದಗುವುದಿಲ್ಲ. ಅದರ ನಾರು ಪದರದಿಂದ ಪದರಕ್ಕೆ ದಿಕ್ಕು ಬದಲಿಸಿ ಹೆಣೆದುಕೊಂಡಿರುತ್ತದೆ. ಚೂರಿ ಎರಡು ಬೆರಳು ಸಾಗುವಷ್ಟರಲ್ಲಿ ಅಲಗು ಒಳಕ್ಕೆ ಕಚ್ಚಿ, ಸುರುಳಿ ಚಟ್ಟೆಂದು ಮುರಿಯುತ್ತದೆ.

ಸರ್ವೆ ತೀರ ಗಟ್ಟಿ. ಕೆಂಡಕ್ಕೆ ಒಳ್ಳೆಯದು, ಹೆರೆಯಲಲ್ಲ. ಸಿಲ್ವರ್ ಓಕ್ ನೇರ ಸೀಳು ಸಿಕ್ಕರೆ ಪರವಾಗಿಲ್ಲ. ಕಲಿಯುವವರಿಗೆ ಹೇಳಿ ಮಾಡಿಸಿದ್ದು ಸಾಮಾನು ಕಟ್ಟಿ ಬಂದ ಪೈನ್ ಪೆಟ್ಟಿಗೆಯ ಹಲಗೆ. ಅದರ ಮೇಲೆ ‘ಎಚ್‌ಟಿ’ ಮುದ್ರೆಯಿದ್ದರೆ ಶಾಖದಿಂದ ಸಂಸ್ಕರಿಸಿದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಉಂಡ ಹಲಗೆ, ಒಲೆಗೆ ತರಬಾರದು. ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ, ಒಳಪದರ ಮಾತ್ರ ಚೆನ್ನಾಗಿ ಸುರುಳಿಯಾಗುತ್ತದೆ. ಬುಟ್ಟಿ ಹೆಣೆಯುವ ಮೇದರ ಕಾಲಬಳಿ ಬೀಳುವ ಬಿದಿರಿನ ಹೆರಕಲನ್ನು ನೋಡಿದವರಿಗೆ ಇದು ಗೊತ್ತು.

ಅಭ್ಯಾಸ

ಹೆಬ್ಬೆರಳು ದಪ್ಪದ, ಗೇಣುದ್ದದ, ಗಂಟಿಲ್ಲದ ಸೀಳು ಬೇಕು. ಅದನ್ನು ಮರದ ದಿಮ್ಮಿಯ ಮೇಲೆ ನಿಲ್ಲಿಸಿ, ಮಣಿಕಟ್ಟು ಬಿಗಿಹಿಡಿದು, ಭುಜದ ಬಲದಿಂದ ಚೂರಿಯನ್ನು ಕೆಳಕ್ಕೆ ಜಾರಿಸಬೇಕು. ಮೊದಲ ಹೆರೆತ ಸೀಳಿನ ಅಂಚನ್ನು ಮಟ್ಟಸ ಮಾಡುತ್ತದೆ, ಅದರ ಎರಡೂ ಬದಿಗೆ ಹೊಸ ಏಣು ಮೂಡುತ್ತದೆ. ಮುಂದಿನ ಹೆರೆತ ಆ ಏಣಿನ ಮೇಲೆ. ಏಣು ಸಣ್ಣದಿರುವುದರಿಂದ ಸುರುಳಿ ತಾನಾಗಿ ತೆಳುವಾಗುತ್ತದೆ. ತುದಿ ಮುಟ್ಟುವ ಮೊದಲೇ ನಿಲ್ಲಿಸುವುದು ಕಷ್ಟದ ಭಾಗ. ಹೊಸಬರ ಸುತ್ತ ಕಡ್ಡಿಗಿಂತ ಹೊಟ್ಟೇ ಹೆಚ್ಚು. ಕಡ್ಡಿ ಹಿಡಿದ ಕೈ ಅಲಗಿನ ಹಾದಿಗೆ ಎಂದೂ ಬರಬಾರದು, ತೊಡೆಯ ಮೇಲಿಟ್ಟು ಹೆರೆಯಲೂಬಾರದು. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಹೆರೆದಿಟ್ಟ ಕಡ್ಡಿ ತೇವ ಹೀರಿ ಸಡಿಲವಾಗುತ್ತದೆ, ಹಾಗಾಗಿ ಹೆರೆದ ಕೂಡಲೇ ಹೊತ್ತಿಸುವುದು ವಾಸಿ.

ಕಾನೂನು

ಆರ್‌.ಟಿ. ನಗರದ ಮನೆಯ ತಾರಸಿಯಲ್ಲಿ ಹೆರೆದು ಕಲಿಯಲು ಅಡ್ಡಿಯಿಲ್ಲ. ಯಲಹಂಕದ ಬಳಿಯ ಜಾರಕಬಂಡೆ ಕಾವಲ್‌ನಂಥ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಡಿ ಅಪರಾಧ. ಮನೆಬಳಕೆ, ಬೇಸಾಯಕ್ಕಲ್ಲದ, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದೇ ಗಣಿಸುತ್ತವೆ. ಗರಿಕಡ್ಡಿಗೆ 4 ಅಂಗುಲದ ಅಲಗು ಧಾರಾಳ.